ತಾಯಿ ಕಾರ್ಡಿನ ಅಂಚಿನಲ್ಲಿ ಮೂರು ಪ್ರಶ್ನೆ: ಉತ್ತರ ಕನ್ನಡದ ಆರೋಗ್ಯಾಧಿಕಾರಿಗಳಿಗೆ ಬಹಿರಂಗ ಪತ್ರ

ಇವರಿಗೆ,
ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಅಧಿಕಾರಿಗಳು,
ಜಿಲ್ಲಾ ಪಂಚಾಯತ್ ಮುಖ್ಯ ಕಾರ್ಯನಿರ್ವಹಣಾಧಿಕಾರಿಗಳು,
ಉತ್ತರ ಕನ್ನಡ, ಕಾರವಾರ.

ವಿಷಯ: ಗರ್ಭಿಣಿಯರ ಮೊದಲ ತಪಾಸಣೆಯಲ್ಲೇ ಹೊಗೆ, ತಂಬಾಕಿನ ಬಗ್ಗೆ ಕೇಳುವ ಕುರಿತು.

ಮಾನ್ಯರೇ,

ಬಸುರಿ ಹೆಂಗಸು ಮೊದಲ ಸಲ ಉಪಕೇಂದ್ರಕ್ಕೆ ಬಂದರೆ ತೂಕ ನೋಡುತ್ತೇವೆ, ಬಿಪಿ ನೋಡುತ್ತೇವೆ, ಬೆರಳು ಚುಚ್ಚಿ ರಕ್ತ ತೆಗೆಯುತ್ತೇವೆ, ಕಡೆಯ ಮುಟ್ಟಿನ ತಾರೀಕು ಕೇಳಿ ಹೆರಿಗೆ ದಿನ ಲೆಕ್ಕ ಹಾಕುತ್ತೇವೆ. ಹೊಗೆಯ ಮಾತು ಬರುವುದು ಕಡಿಮೆ. ಬಂದರೂ "ಬೀಡಿ ಸಿಗರೇಟು ಎಲ್ಲ ಇಲ್ಲ ಅಲ್ವಾ?" ಎಂದು ಉತ್ತರವನ್ನೂ ಸೇರಿಸಿಯೇ ಕೇಳಿಬಿಡುತ್ತೇವೆ. ಪಕ್ಕದಲ್ಲಿ ಅತ್ತೆ ಕೂತಿರುತ್ತಾರೆ. ಆಕೆ "ಇಲ್ಲ" ಎನ್ನುತ್ತಾಳೆ, ಪುಟ ಮಗುಚುತ್ತೇವೆ.

ನಮ್ಮ ಕಡೆ ಹೆಂಗಸರು ಸೇದುವುದಿಲ್ಲ ಎಂಬ ನಂಬಿಕೆ ಇದರ ಹಿಂದಿದೆ. 2016-17ರ ಜಾಗತಿಕ ವಯಸ್ಕರ ತಂಬಾಕು ಸಮೀಕ್ಷೆ ಪ್ರಕಾರ ದೇಶದ ವಯಸ್ಕ ಹೆಂಗಸರಲ್ಲಿ ಸೇದುವವರು ಶೇ. 2. ಆದರೆ ಜಗಿಯುವ, ಹಲ್ಲಿಗೆ ಉಜ್ಜುವ ತಂಬಾಕು ಬಳಸುವವರು ಶೇ. 12.8. ಮನೆಯೊಳಗೆ ಬೇರೆಯವರು ಬಿಟ್ಟ ಹೊಗೆ ಉಸಿರಾಡುವ ವಯಸ್ಕರು ಶೇ. 38.7. ಬೀಡಿ ಹಿಡಿದ ಕೈಯನ್ನಷ್ಟೇ ಹುಡುಕುತ್ತಾ ಕೂತರೆ ಕವಳದ (ಎಲೆ ಅಡಿಕೆಯ) ಬಾಯಿಯೂ ತಪ್ಪುತ್ತದೆ, ಗಂಡನೋ ಮಾವನೋ ಸೇದುವ ಜಗಲಿಯ ಪಕ್ಕದ ಕೋಣೆಯೂ ತಪ್ಪುತ್ತದೆ.

ನಮ್ಮ ಬೇಡಿಕೆ ಒಂದೇ. ಜಿಲ್ಲೆಯ ಪ್ರತಿ ಗರ್ಭಿಣಿಗೂ ಮೊದಲ ತಪಾಸಣೆಯಲ್ಲೇ ಮೂರು ಪ್ರಶ್ನೆ ಕೇಳಬೇಕು: ಸೇದುವುದುಂಟೇ, ತಂಬಾಕು ಜಗಿಯುವುದು ಅಥವಾ ಉಜ್ಜುವುದುಂಟೇ, ಮನೆಯಲ್ಲಿ ಸೇದುವವರು ಇದ್ದಾರೆಯೇ. ಹೊಸ ನಮೂನೆ ಅಚ್ಚು ಹಾಕಿಸುವುದು ಬೇಡ, ತಾಯಿ ಕಾರ್ಡಿನ ಖಾಲಿ ಅಂಚು ಸಾಕು. 'ಸೇ' (ಸೇದುವುದು), 'ಕ' (ಕವಳ, ಜಗಿಯುವ ಉಜ್ಜುವ ತಂಬಾಕು), 'ಮ' (ಮನೆಯ ಹೊಗೆ) ಎಂದು ಮೂರು ಅಕ್ಷರ ಬರೆದು, ಹೌದಾದರೆ 1, ಇಲ್ಲವಾದರೆ 0 ಹಾಕಿದರೆ ಮುಂದಿನ ಸಲ ಕಾರ್ಡು ಹಿಡಿದವರಿಗೆ ಒಂದೇ ನೋಟಕ್ಕೆ ಗೊತ್ತಾಗುತ್ತದೆ.

ಮೊದಲ ತಪಾಸಣೆಯಲ್ಲೇ ಯಾಕೆ ಎಂಬುದಕ್ಕೆ ಗಟ್ಟಿ ಕಾರಣವಿದೆ. ಆಕ್ಲೆಂಡ್ ಮತ್ತು ಅಡಿಲೇಡ್ ನಗರಗಳ ಗರ್ಭಿಣಿಯರ ಮೇಲೆ ನಡೆದು 2009ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, 15ನೇ ವಾರದೊಳಗೆ ಸೇದುವುದನ್ನು ಪೂರ್ತಿ ಬಿಟ್ಟವರ ಪರಿಸ್ಥಿತಿ ಸೇದದೇ ಇದ್ದವರಂತೆಯೇ ಇತ್ತು. ದಿನ ತುಂಬುವ ಮೊದಲೇ ಹೆರಿಗೆಯಾಗುವುದಾಗಲಿ, ಮಗು ಸಣ್ಣದಾಗುವುದಾಗಲಿ ಅವರಲ್ಲಿ ಹೆಚ್ಚಿರಲಿಲ್ಲ. ಮುಂದುವರಿಸಿದವರಲ್ಲಿ ಎರಡೂ ಹೆಚ್ಚಿದ್ದವು. ನಮ್ಮ ನಿಯಮದಂತೆ ಮೊದಲ ತಪಾಸಣೆ 12 ವಾರದೊಳಗೆ ಆಗಬೇಕು. ಎರಡನೆಯದು 14ರಿಂದ 26ನೇ ವಾರದ ನಡುವೆ ಯಾವಾಗ ಬೇಕಾದರೂ ಆಗಬಹುದು. ಮೊದಲ ಸಲ ಕೇಳದೆ ಬಿಟ್ಟರೆ ಎರಡನೇ ಸಲಕ್ಕೆ ಆ ಕಿಟಕಿ ಮುಚ್ಚಿರಬಹುದು. 12ಕ್ಕೂ 15ಕ್ಕೂ ನಡುವೆ ಇರುವುದು ಮೂರೇ ವಾರ. ತಡವಾಗಿ ಬಂದವಳಿಗೆ ಪ್ರಯೋಜನವಿಲ್ಲ ಎಂದು ಯಾರೂ ತಿಳಿಯಬಾರದು. ಯಾವ ತಿಂಗಳಲ್ಲಿ ಬಿಟ್ಟರೂ ಅಲ್ಲಿಂದ ಮುಂದೆ ಮಗುವಿಗೆ ಲಾಭವೇ. ಆದರೆ ಪೂರ್ತಿ ಲಾಭ ಸಿಗುವುದು ಬೇಗ ಬಿಟ್ಟರೆ.

ಈ ಪ್ರಶ್ನೆ ಈಗಾಗಲೇ ನಮ್ಮಲ್ಲಿ ಇದೆಯಲ್ಲ ಎಂದು ನೀವು ಹೇಳಬಹುದು. ಆಶಾ ಕಾರ್ಯಕರ್ತೆಯರು ಮನೆಮನೆಗೆ ಹೋಗಿ ತುಂಬುವ ಸಿಬಿಎಸಿ ಎಂಬ ಆರೋಗ್ಯ ಅಪಾಯದ ತಪಾಸಣಾ ನಮೂನೆಯಲ್ಲಿ ತಂಬಾಕಿಗೆ ಅಂಕವೇ ಇದೆ: ಯಾವತ್ತೂ ಬಳಸದಿದ್ದರೆ 0, ಹಿಂದೆ ಬಳಸಿದ್ದರೆ ಅಥವಾ ಆಗೊಮ್ಮೆ ಈಗೊಮ್ಮೆ ಬಳಸಿದರೆ 1, ದಿನಾ ಬಳಸಿದರೆ 2. ಅಡುಗೆಗೆ ಸೌದೆಯೋ ಗ್ಯಾಸೋ ಎಂದೂ ಕೇಳುತ್ತದೆ. ಆದರೆ ಆ ನಮೂನೆ 30 ವರ್ಷ ದಾಟಿದವರಿಗೆ. ಚೊಚ್ಚಲ ಬಸುರಿಯರಲ್ಲಿ ಹೆಚ್ಚಿನವರು ಅದಕ್ಕಿಂತ ಚಿಕ್ಕವರು. ಹೀಗಾಗಿ ಉತ್ತರ ಯಾರಿಗೆ ಅತಿ ತುರ್ತೋ ಅವರನ್ನೇ ಆ ಪ್ರಶ್ನೆ ಮುಟ್ಟುವುದಿಲ್ಲ.

ಹೊಗೆ ಒಳಗೆ ಹೋಗಿ ಮಾಡುವುದೇನು ಎಂಬುದನ್ನು ಸ್ವಲ್ಪ ವಿವರವಾಗಿ ಬರೆಯುತ್ತೇವೆ. ಕಾರಣ ಗೊತ್ತಿದ್ದವರು ಕೇಳುವ ರೀತಿಯೇ ಬೇರೆ ಇರುತ್ತದೆ.

ಬೀಡಿ ಸಿಗರೇಟಿನ ಹೊಗೆಯಲ್ಲಿ ಇಂಗಾಲದ ಮೊನಾಕ್ಸೈಡ್ ಇದೆ. ರಕ್ತದ ಹಿಮೋಗ್ಲೋಬಿನ್‌ಗೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ. ಹೊಟ್ಟೆಯೊಳಗಿನ ಮಗುವಿನ ರಕ್ತದಲ್ಲಿ ಅದರ ಮಟ್ಟ ತಾಯಿಯದಕ್ಕಿಂತ ಮೇಲೇರುತ್ತದೆ, ಇಳಿಯುವುದೂ ನಿಧಾನ. ಇದರ ಜೊತೆಗೆ ನಿಕೋಟಿನ್ ರಕ್ತನಾಳಗಳನ್ನು ಕುಗ್ಗಿಸುತ್ತದೆ, ಮಾಸಿಗೆ (ಮಗುವನ್ನು ಪೋಷಿಸುವ ಪ್ಲಾಸೆಂಟಾಕ್ಕೆ) ಹರಿಯುವ ರಕ್ತ ಕಡಿಮೆಯಾಗುತ್ತದೆ. ಬರುವ ರಕ್ತವೂ ಕಡಿಮೆ, ಬಂದ ರಕ್ತದಲ್ಲಿ ಆಮ್ಲಜನಕವೂ ಕಡಿಮೆ. ಸೇದುವ ತಾಯಂದಿರ ಮಕ್ಕಳ ತೂಕ ಸರಾಸರಿ 200 ಗ್ರಾಂನಷ್ಟು ಕಡಿಮೆ ಇರುತ್ತದೆ. 2.7 ಕೆ.ಜಿ. ಇರಬೇಕಾಗಿದ್ದ ಮಗುವಿನಿಂದ 200 ಗ್ರಾಂ ಕಳೆದರೆ ಉಳಿಯುವುದು 2.5, ಅಂದರೆ ಕಡಿಮೆ ತೂಕದ ಮಗು ಎನ್ನುವ ಗೆರೆಯ ಮೇಲೆಯೇ ಬಂದು ನಿಂತ ಹಾಗೆ.

ಇಲ್ಲಿ ನಮ್ಮವರೇ ಎಡವುವ ಒಂದು ಜಾಗವಿದೆ. ಸೇದುವವರ ದೇಹ ಆಮ್ಲಜನಕದ ಕೊರತೆ ತುಂಬಿಕೊಳ್ಳಲು ಹೆಚ್ಚು ಹಿಮೋಗ್ಲೋಬಿನ್ ತಯಾರಿಸುತ್ತದೆ. ಮೀಟರಿನಲ್ಲಿ 11.2 ಬಂದರೆ "ರಕ್ತ ಸಾಕಷ್ಟಿದೆ" ಎಂದು ಬರೆದುಬಿಡುತ್ತೇವೆ. ಸೇದುವವರ ಅಂಕಿಯಿಂದ 0.3 ಗ್ರಾಂ ಕಳೆದು ನೋಡಬೇಕು, ತುಂಬಾ ಸೇದುವವರಿಗೆ ಇನ್ನೂ ಹೆಚ್ಚು. ಕಳೆದರೆ ಅದೇ ಹೆಂಗಸು 11ಕ್ಕಿಂತ ಕೆಳಗೆ, ರಕ್ತಹೀನತೆಯ ಲೆಕ್ಕಕ್ಕೆ ಬರುತ್ತಾಳೆ. 'ಸೇ' ಮುಂದೆ 1 ಇಲ್ಲದ ಕಾರ್ಡಿನಲ್ಲಿ ಈ ಲೆಕ್ಕ ಯಾರಿಗೂ ಹೊಳೆಯುವುದಿಲ್ಲ.

ಮಾಸು ಹೆರಿಗೆಗೆ ಮೊದಲೇ ಗರ್ಭಕೋಶದ ಗೋಡೆಯಿಂದ ಕಳಚಿಕೊಳ್ಳುವುದು, ಕೆಳಗಿಳಿದು ಗರ್ಭಕೋಶದ ಬಾಯಿಗೆ ಅಡ್ಡ ಕೂರುವುದು, ನೀರು ಮುಂಚೆಯೇ ಒಡೆಯುವುದು, ಗರ್ಭ ನಾಳದಲ್ಲೇ ನಿಲ್ಲುವುದು, ಸತ್ತು ಹುಟ್ಟುವುದು: ಸೇದುವವರಲ್ಲಿ ಇವೆಲ್ಲ ಹೆಚ್ಚು. ಮೊದಲಿನ ಎರಡರ ಬಗ್ಗೆ ಘಟ್ಟದ ಈ ಜಿಲ್ಲೆಯಲ್ಲಿ ವಿಶೇಷವಾಗಿ ಹೇಳಬೇಕು. ಎಂಟನೇ ತಿಂಗಳಲ್ಲಿ ಒಮ್ಮೆಲೇ ರಕ್ತ ಹೋಗತೊಡಗಿದ ಹೆಂಗಸನ್ನು ಮಳೆಗಾಲದ ರಾತ್ರಿ ದೇವಿಮನೆ ಘಟ್ಟವನ್ನೋ ಅರಬೈಲ್ ಘಟ್ಟವನ್ನೋ ಇಳಿಸಿ ಶಸ್ತ್ರಚಿಕಿತ್ಸೆ ಇರುವ ಆಸ್ಪತ್ರೆಗೆ ಮುಟ್ಟಿಸುವುದೆಂದರೆ ಏನು ಎಂಬುದು ಇಲ್ಲಿಯ ಆಂಬುಲೆನ್ಸ್ ಚಾಲಕರಿಗೆಲ್ಲ ಗೊತ್ತು.

ಎರಡನೇ ಪ್ರಶ್ನೆ ಕವಳದ್ದು. ಅಡಿಕೆಯನ್ನೇ ನಂಬಿದ ನಾಡಿನಲ್ಲಿ ಇದನ್ನು ಬರೆಯುವುದು ಸುಲಭವಲ್ಲ, ಆದರೂ ಬರೆಯಲೇಬೇಕು. "ತಂಬಾಕು ಹಾಕ್ತೀರಾ?" ಎಂದರೆ ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ "ಇಲ್ಲ" ಎಂದೇ ಉತ್ತರ ಬರುತ್ತದೆ, ಯಾಕೆಂದರೆ ಅವರ ಮನಸ್ಸಿನಲ್ಲಿ ಅದು ಕವಳ. ಹಾಗಾಗಿ "ಕವಳ ಹಾಕ್ತೀಯಾ? ಹೊಗೆಸೊಪ್ಪು ಸೇರಿಸಿಯೋ, ಸೇರಿಸದೆಯೋ? ದಿನಕ್ಕೆ ಎಷ್ಟು ಸಲ? ರಾತ್ರಿ ಬಾಯಲ್ಲಿಟ್ಟುಕೊಂಡೇ ಮಲಗುವುದುಂಟಾ?" ಎಂದು ಕೇಳಬೇಕು. ಕವಳದಲ್ಲಿ ಸುಣ್ಣ ಸುಮ್ಮನೆ ಇರುವುದಿಲ್ಲ. ಅದರ ಕ್ಷಾರಕ್ಕೆ ಸೊಪ್ಪಿನ ನಿಕೋಟಿನ್ ಬಿಡುಗಡೆಯಾಗಿ ಕೆನ್ನೆಯ ತೆಳು ಚರ್ಮದ ಮೂಲಕ ನೇರ ರಕ್ತಕ್ಕೆ ಇಳಿಯುತ್ತದೆ. ಗೋವೆ ಗಡಿಯ ಕಡೆ ಮಶೇರಿಯ ಬಗ್ಗೆಯೂ ಕೇಳಬೇಕು. ತಂಬಾಕನ್ನು ಕಾವಲಿಯ ಮೇಲೆ ಕರಕಲಾಗುವ ತನಕ ಹುರಿದು ಪುಡಿ ಮಾಡಿ ಹಲ್ಲಿಗೆ ಉಜ್ಜುವುದು ಅದು. ಬಳಸುವವರ ಮಟ್ಟಿಗೆ ಅದು ಹಲ್ಲುಪುಡಿ, ಚಟವಲ್ಲ. ಮುಂಬಯಿಯ ಗರ್ಭಿಣಿಯರ ಮೇಲೆ ನಡೆದು 2004ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಹೊಗೆಯಿಲ್ಲದ ತಂಬಾಕು ಬಳಸುವವರ ಮಕ್ಕಳು ಸರಾಸರಿ 105 ಗ್ರಾಂ ಹಗುರ ಇದ್ದವು, ಅವಧಿಗೆ ಮೊದಲೇ ಹುಟ್ಟುವುದೂ ಹೆಚ್ಚಿತ್ತು. ಬಳಸುತ್ತಿದ್ದವರಲ್ಲಿ ಬಹುಪಾಲು ಮಶೇರಿಯವರೇ. ಸೊಪ್ಪು ಬಿಟ್ಟು ಬರೀ ಅಡಿಕೆ ಎಂದರೂ ನಿಶ್ಚಿಂತೆಯಿಲ್ಲ, ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಅಡಿಕೆಯನ್ನು ಕ್ಯಾನ್ಸರ್‌ಕಾರಕಗಳ ಮೊದಲ ಪಟ್ಟಿಗೆ ಸೇರಿಸಿದೆ. ಕವಳ ಹಾಕುವವಳ ಬಾಯನ್ನು ಅಲ್ಲೇ ನೋಡಿಬಿಡಿ. ಅವಳದೇ ಮೂರು ಬೆರಳು ಒಂದರ ಮೇಲೊಂದು ಲಂಬವಾಗಿ ಹಲ್ಲುಗಳ ನಡುವೆ ಹೋಗದಿದ್ದರೆ, ಕೆನ್ನೆಯ ಒಳಗೆ ಬಿಳಿ ಅಥವಾ ಕೆಂಪು ಮಚ್ಚೆ ಇದ್ದರೆ, ಎರಡು ವಾರ ಕಳೆದರೂ ಮಾಯದ ಹುಣ್ಣಿದ್ದರೆ ಹೆರಿಗೆ ಆಗಲಿ ಎಂದು ಕಾಯದೆ ದಂತ ವೈದ್ಯರ ಬಳಿ ಕಳಿಸಬೇಕು.

ಮೂರನೆಯದು ಮನೆಯ ಹೊಗೆ. ಕೋಣೆಯಲ್ಲಿ ಬೀಡಿ ಹಚ್ಚಿದಾಗ ಸೇದುವವರ ಶ್ವಾಸಕೋಶದೊಳಗೆ ಹೋಗಿ ಬರುವುದು ಹೊಗೆಯ ಸಣ್ಣ ಪಾಲು. ಹೆಚ್ಚಿನದು ಉರಿಯುವ ತುದಿಯಿಂದ ನೇರ ಗಾಳಿಗೆ ಸೇರುತ್ತದೆ. ಜಪಾನಿನ ತಕೇಶಿ ಹಿರಯಾಮಾ 1981ರಲ್ಲೇ ಇದನ್ನು ಲೆಕ್ಕದಲ್ಲಿ ತೋರಿಸಿದರು: ತಾವು ಸೇದದಿದ್ದರೂ, ತುಂಬಾ ಸೇದುವ ಗಂಡಂದಿರಿದ್ದ ಹೆಂಡಂದಿರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಹೆಚ್ಚು. ಬೇರೆಯವರ ಹೊಗೆಯಲ್ಲಿ ಬದುಕುವವರಿಗೆ ಹೃದಯದ ಕಾಯಿಲೆಯ ಅಪಾಯ ಶೇ. 25ರಿಂದ 30ರಷ್ಟು ಏರುತ್ತದೆ.

ನಮ್ಮ ಕರಾವಳಿಯಲ್ಲಿ ಇದಕ್ಕೊಂದು ಕಾಲವಿದೆ. ಜೂನ್ 1ರಿಂದ ಜುಲೈ 31ರ ತನಕ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಬೈತಖೋಲ, ಮುದಗಾ, ಬೇಲೆಕೇರಿ, ತದಡಿ, ಕಾಸರಕೋಡ ಟೊಂಕದ ಬೋಟುಗಳು ದಡದಲ್ಲಿ, ಗಂಡಸರು ಮನೆಯಲ್ಲಿ. ಹೊರಗೆ ಮಳೆ ಹೊಯ್ಯುತ್ತಿರುವಾಗ ಬಾಗಿಲು ಕಿಟಕಿ ಹಾಕಿರುತ್ತವೆ. ಅಂಗಳದಲ್ಲಿ ಸೇದುತ್ತಿದ್ದವರು ಜಗಲಿಗೆ ಬರುತ್ತಾರೆ, ಜಗಲಿಯಿಂದ ಒಳಗೆ. ಅದೇ ಹೊತ್ತಿಗೆ ಬಚ್ಚಲ ಒಲೆಗೆ ಒದ್ದೆ ಸೌದೆ, ನೆಂದ ತೆಂಗಿನ ಸಿಪ್ಪೆ, ಅಡಿಕೆ ಸೋಗೆ. ಒದ್ದೆ ಸೌದೆ ಉರಿಯುವುದಕ್ಕಿಂತ ಹೊಗೆಯಾಡುವುದೇ ಹೆಚ್ಚು, ಮೊನಾಕ್ಸೈಡೂ ಹೆಚ್ಚು. ಎರಡು ಹೊಗೆಯೂ ಸೇರಿ ಒಬ್ಬಳದೇ ರಕ್ತಕ್ಕೆ ಹೋಗುತ್ತವೆ. ಹಂಡೆಗೆ ಬೆಂಕಿ ಹಚ್ಚುವ ಕೆಲಸ ಬಸುರಿಗೆ ಬೇಡ ಎಂದು ಮನೆಯವರಿಗೆ ಹೇಳಲು ಯಾರ ಆದೇಶವೂ ಬೇಕಿಲ್ಲ. ಬಾಣಂತಿ ಕೋಣೆಯಲ್ಲಿ ಬಾಗಿಲು ಮುಚ್ಚಿ ಅಗ್ಗಿಷ್ಟಿಕೆ ಇಡುವುದು, ಎಣ್ಣೆನೀರು ಹಾಕಿದ ಎಳೆಕೂಸನ್ನು ಧೂಪದ ಹೊಗೆಗೆ ಹಿಡಿಯುವುದು ಕೂಡ ಇದೇ ಲೆಕ್ಕಕ್ಕೆ ಸೇರುತ್ತದೆ. ಬೆಚ್ಚಗಿಡಲು ಒಣ ಬಟ್ಟೆ ಮತ್ತು ತಾಯಿಯ ಎದೆಯ ಶಾಖ ಸಾಕು.

ಸೇದುವ ಗಂಡಸರಿಗೆ ಹೇಳಬೇಕಾದದ್ದು "ಕಿಟಕಿ ತೆಗೆಯಿರಿ" ಎಂದಲ್ಲ. ಕಿಟಕಿ ತೆಗೆದರೆ ವಾಸನೆ ಹೋಗುತ್ತದೆ, ಸೂಕ್ಷ್ಮ ಕಣಗಳು ಗಂಟೆಗಟ್ಟಲೆ ಉಳಿಯುತ್ತವೆ. ಸೂರಿನ ಕೆಳಗೆ ಎಲ್ಲೂ ಬೇಡ, ಜಗಲಿಯೂ ಮನೆಯೇ. ಸೇದಿ ಬಂದ ಮೇಲೆ ಕೈ ತೊಳೆದು ಅಂಗಿ ಬದಲಿಸಿ ಮಗು ಎತ್ತಿಕೊಳ್ಳಬೇಕು. ಬೀಡಿ ಸಣ್ಣದು ಎಂಬ ಸಮಾಧಾನವೂ ಬೇಡ. ಅದರಲ್ಲಿರುವ ತಂಬಾಕು ಸುಮಾರು 0.2 ಗ್ರಾಂ ಮಾತ್ರ, ನಿಜ. ಆದರೆ ತೆಂಡು ಎಲೆಯೊಳಗೆ ಗಾಳಿ ಆಡುವುದಿಲ್ಲ, ಆರದಂತೆ ಮತ್ತೆ ಮತ್ತೆ ಎಳೆಯಬೇಕು. ಅದರಿಂದ ಹೊರಬರುವ ಟಾರು, ನಿಕೋಟಿನ್, ಮೊನಾಕ್ಸೈಡ್ ಸಾಮಾನ್ಯ ಸಿಗರೇಟಿಗಿಂತ ಹೆಚ್ಚು.

ಇನ್ನು ಕೇಳುವ ರೀತಿ. ಆಕೆಯೊಬ್ಬಳೇ ಇದ್ದಾಗ ಕೇಳಬೇಕು. ತೂಕದ ಯಂತ್ರವನ್ನು ಪರದೆಯ ಆಚೆ ಇಟ್ಟುಕೊಂಡರೆ ಅದಕ್ಕೆ ಎರಡು ನಿಮಿಷ ಸಿಗುತ್ತದೆ. ಸೇದುವ ಹೆಂಗಸರು ನಮ್ಮಲ್ಲೂ ಇದ್ದಾರೆ: ಬೆಂಗಳೂರಿನ ಕೆಲಸದಿಂದ ಹೆರಿಗೆಗೆಂದು ತವರಿಗೆ ಬಂದವರು, ಕಾಲೇಜಿನಲ್ಲಿ ಕಲಿತವರು, ಗದ್ದೆ ಕೆಲಸದ ನಡುವೆ ಬೀಡಿ ಹಚ್ಚುವ ಹಿರಿಯರು. ಹೌದು-ಇಲ್ಲ ಎಂಬ ಪ್ರಶ್ನೆಗೆ ಅವರು "ಇಲ್ಲ" ಎನ್ನುತ್ತಾರೆ. ಬದಲಿಗೆ ಆಯ್ಕೆ ಕೊಡಿ: "ತಂಗೀ, ಇದರಲ್ಲಿ ನಿನಗೆ ಯಾವುದು ಹೊಂದುತ್ತದೆ ಹೇಳು. ಮೊದಲಿನ ಹಾಗೇ ಸೇದುತ್ತೇನೆ. ಬಸುರಿ ಅಂತ ಗೊತ್ತಾದ ಮೇಲೆ ಕಡಿಮೆ ಮಾಡಿದ್ದೇನೆ. ಗೊತ್ತಾದ ಮೇಲೆ ಬಿಟ್ಟೆ. ಅದಕ್ಕೂ ಮೊದಲೇ ಬಿಟ್ಟಿದ್ದೆ. ಯಾವತ್ತೂ ಸೇದಿಲ್ಲ." ಹೀಗೆ ಕೇಳಿದಾಗ ನಿಜ ಹೇಳುವವರು ಹೆಚ್ಚಾಗುತ್ತಾರೆ ಎಂಬುದು ಅಧ್ಯಯನಗಳಲ್ಲಿ ಕಂಡ ಸಂಗತಿ. "ಕಡಿಮೆ ಮಾಡಿದ್ದೇನೆ" ಎಂದವಳನ್ನು ಹೊಗಳಿ ಕಳಿಸಬೇಡಿ. ಬಸುರಿನಲ್ಲಿ ದೇಹ ನಿಕೋಟಿನನ್ನು ಬೇಗ ಬೇಗ ಕರಗಿಸುತ್ತದೆ, ಹಂಬಲ ಬೇಗ ಮರಳುತ್ತದೆ. ಹತ್ತು ಸೇದುತ್ತಿದ್ದವಳು ನಾಲ್ಕಕ್ಕೆ ಇಳಿಸಿದರೆ ಆ ನಾಲ್ಕನ್ನೇ ಆಳಕ್ಕೆ, ತುದಿ ಮುಟ್ಟುವ ತನಕ ಎಳೆಯುತ್ತಾಳೆ. ಬೈದರೂ ಕೆಲಸ ಕೆಟ್ಟಿತು, ಮುಂದಿನ ತಪಾಸಣೆಗೆ ಆಕೆ ಬರುವುದೇ ಇಲ್ಲ.

ಹೌದು ಎಂದವಳಿಗೆ ಅಲ್ಲೇ ಒಂದು ದಿನ ಗೊತ್ತು ಮಾಡಿಸಿ, ವಾರದೊಳಗಿನ ದಿನ. ಮನೆಯಲ್ಲಿರುವ ಬೀಡಿ ಕಟ್ಟು, ಲೈಟರ್, ಸಂಚಿಯ ಸೊಪ್ಪು ಆ ದಿನ ಹೊರಗೆ. ಮೊದಲ ಮೂರು ನಾಲ್ಕು ದಿನ ಅತಿ ಕಷ್ಟ: ಸಿಡುಕು, ತಲೆನೋವು, ನಿದ್ದೆಗೇಡು, ಮಲಬದ್ಧತೆ. ಎರಡರಿಂದ ನಾಲ್ಕು ವಾರದಲ್ಲಿ ಇಳಿಯುತ್ತದೆ. ಒಂದೊಂದು ಹಂಬಲ ಇರುವುದು ಮೂರರಿಂದ ಐದು ನಿಮಿಷ, ಅಷ್ಟು ಹೊತ್ತು ದಾಟಿಸಿದರೆ ಸಾಕು. ನೀರು ಗುಟುಕರಿಸುವುದು, ಬಾಯಿಗೆ ಏಲಕ್ಕಿಯೋ ಲವಂಗವೋ ಹಾಕಿಕೊಳ್ಳುವುದು, ಎದ್ದು ನಡೆಯುವುದು. ಇದನ್ನು ಮೊದಲೇ ಹೇಳಿದ್ದರೆ ಮೂರನೇ ದಿನ ಆಕೆ ಹೆದರುವುದಿಲ್ಲ. ತಂಬಾಕಿನ ಪ್ಯಾಕಿನ ಮೇಲೆಯೇ ಅಚ್ಚಾಗಿರುವ 1800-11-2356 ಉಚಿತ ಸಂಖ್ಯೆಗೆ ಕರೆ ಮಾಡಿದರೆ ಕನ್ನಡದಲ್ಲೂ ಮಾತಾಡುತ್ತಾರೆ. ಆಕೆಯ ಫೋನಿನಿಂದಲೇ ಮೊದಲ ಕರೆಯನ್ನು ನಾವು ಹಚ್ಚಿಕೊಡಬೇಕು. ಸಂಖ್ಯೆ ಬರೆದ ಚೀಟಿ ಸೆರಗಿನ ತುದಿಯಲ್ಲೇ ಉಳಿಯುತ್ತದೆ.

ನಿಕೋಟಿನ್ ಗಮ್ ಬಸುರಿಗೆ ವೈದ್ಯರು ನೋಡಿ ಹೇಳಿದರೆ ಮಾತ್ರ. ಉಳಿದವರಿಗೆ, ಅಂದರೆ ಗಂಡಂದಿರಿಗೂ ಬಸುರಿ ಅಲ್ಲದ ಹೆಂಗಸರಿಗೂ, ಅದು ಒಳ್ಳೆಯ ಆಸರೆ. ಆದರೆ ತಿನ್ನುವ ಕ್ರಮ ಹೇಳದೆ ಕೊಟ್ಟರೆ ವ್ಯರ್ಥ. ಚೂಯಿಂಗ್ ಗಮ್ಮಿನ ಹಾಗೆ ಜಗಿದರೆ ನಿಕೋಟಿನ್ ಹೊಟ್ಟೆಗೆ ಹೋಗಿ ಬಿಕ್ಕಳಿಕೆ, ವಾಕರಿಕೆ ಬರುತ್ತದೆ, ಎರಡನೇ ದಿನವೇ ಎಸೆಯುತ್ತಾರೆ. ನಿಧಾನವಾಗಿ ಜಗಿದು, ಖಾರ ಅಥವಾ ಜುಮ್ ಎನಿಸಿದಾಗ ನಿಲ್ಲಿಸಿ, ಕೆನ್ನೆ ಮತ್ತು ಒಸಡಿನ ನಡುವೆ ಇಟ್ಟುಕೊಳ್ಳಬೇಕು. ಆ ರುಚಿ ಇಳಿದಾಗ ಮತ್ತೆ ಜಗಿದು ಜಾಗ ಬದಲಿಸಬೇಕು. ಒಂದು ಗಮ್ಮಿಗೆ ಅರ್ಧ ಗಂಟೆ. ಅದಕ್ಕೆ 15 ನಿಮಿಷ ಮೊದಲಿನಿಂದ ಚಹಾ, ಕಾಫಿ, ಲಿಂಬೆ ಶರಬತ್ತು, ಮುರುಗಲ (ಕೋಕಂ) ಪಾನಕ ಯಾವುದೂ ಬೇಡ. ಹುಳಿಗೆ ಬಾಯಿ ನಿಕೋಟಿನ್ ಹೀರಿಕೊಳ್ಳುವುದಿಲ್ಲ. ನಮ್ಮ ಬೇಸಿಗೆಯಲ್ಲಿ ಮುರುಗಲು ಕುಡಿಯದ ಮನೆಯಿಲ್ಲವಾದ್ದರಿಂದ ಇದನ್ನು ಹೆಸರು ಹಿಡಿದೇ ಹೇಳಬೇಕು. ಮೊದಲ ಆರು ವಾರ ಒಂದೆರಡು ಗಂಟೆಗೊಂದು, ಆಮೇಲೆ ಅಂತರ ಹೆಚ್ಚಿಸುತ್ತಾ 12 ವಾರಕ್ಕೆ ಮುಗಿಸುವುದು. ಎದ್ದ ಅರ್ಧ ಗಂಟೆಯೊಳಗೆ ಮೊದಲ ಬೀಡಿ ಬೇಕೇ ಬೇಕೆನ್ನುವವರಿಗೆ 2 ಮಿ.ಗ್ರಾಂ. ಸಾಲದು, 4 ಮಿ.ಗ್ರಾಂ.ನದಕ್ಕೆ ವೈದ್ಯರ ಚೀಟಿ ಬೇಕು.

ಹೆರಿಗೆಯ ನಂತರ ಕೈಬಿಡಬೇಡಿ. ಬಸುರಿನಲ್ಲಿ ಬಿಟ್ಟವರಲ್ಲಿ ಬಹಳ ಮಂದಿ ವರ್ಷದೊಳಗೆ ಮತ್ತೆ ಶುರು ಮಾಡುತ್ತಾರೆ. ತವರಿನ ಬಾಣಂತನ ಮುಗಿಸಿ, ಸೇದುವವರಿರುವ ಮನೆಗೆ ಮರಳುವ ತಿಂಗಳೇ ಅಪಾಯದ ತಿಂಗಳು. ಮತ್ತೆ ಸೇದಿದಳೆಂದು ಮೊಲೆಹಾಲು ಬಿಡಿಸುವುದು ದೊಡ್ಡ ತಪ್ಪು. ಹಾಲು ಕುಡಿಸಲೇಬೇಕು. ನಿಕೋಟಿನ್ ಹಾಲಿಗೆ ಇಳಿಯುತ್ತದೆ, ಸುಮಾರು ಎರಡು ಗಂಟೆಯಲ್ಲಿ ಅರ್ಧಕ್ಕೆ ಬರುತ್ತದೆ. ಬಿಡಲಾಗದವಳು ಕುಡಿಸುವ ಮೊದಲು ಸೇದದೆ, ಕುಡಿಸಿದ ಮೇಲೆ, ಮನೆಯ ಹೊರಗೆ ಎಂಬಷ್ಟನ್ನಾದರೂ ಪಾಲಿಸಲಿ.

ಗರ್ಭನಿರೋಧಕ ಮಾತ್ರೆ ಕೊಡುವಾಗಲೂ ಇದೇ ಪ್ರಶ್ನೆ ಬೇಕು. ಮಾಲಾ-ಎನ್‌ನಲ್ಲಿ ಈಸ್ಟ್ರೋಜನ್ ಇದೆ. 35 ದಾಟಿ ದಿನಕ್ಕೆ 15 ಅಥವಾ ಅದಕ್ಕೂ ಹೆಚ್ಚು ಸಿಗರೇಟು ಸೇದುವವಳಿಗೆ ಅದನ್ನು ಕೊಡಲೇಬಾರದು, ಕಡಿಮೆ ಸೇದುವವಳಿಗೂ ಸಾಮಾನ್ಯವಾಗಿ ಬೇಡ. ಹೃದಯಾಘಾತ, ಪಾರ್ಶ್ವವಾಯುವಿನ ಅಪಾಯ ಒಂದರ ಮೇಲೊಂದು ಸೇರುತ್ತದೆ. ಛಾಯಾ ಮಾತ್ರೆಯಲ್ಲಿ ಈಸ್ಟ್ರೋಜನ್ ಇಲ್ಲ, ಕಾಪರ್-ಟಿಯೂ ಇದೆ. ಆಶಾ ಚೀಲದಿಂದ ಮಾತ್ರೆಯ ಪಟ್ಟಿ ತೆಗೆಯುವ ಮೊದಲು ಒಂದು ಮಾತು ಕೇಳಿದರಾಯಿತು. ಸೇದುವ ಹೆಂಗಸರಿಗೆ ಹೃದಯದ ಕಾಯಿಲೆಯ ಹೆಚ್ಚುವರಿ ಅಪಾಯ ಸೇದುವ ಗಂಡಸರಿಗಿಂತ ಶೇ. 25ರಷ್ಟು ಜಾಸ್ತಿ, ಮುಟ್ಟು ಒಂದೆರಡು ವರ್ಷ ಮೊದಲೇ ನಿಲ್ಲುತ್ತದೆ, ಮೂಳೆ ಸವೆಯುತ್ತದೆ, ಗರ್ಭಕೋಶದ ಕೊರಳಿನ ಕ್ಯಾನ್ಸರ್ ಹೆಚ್ಚು. ಇವೆಲ್ಲ ನಿಮಗೆ ಗೊತ್ತಿರುವುದೇ.

ನಿಮ್ಮಿಂದ ಬೇಕಾದದ್ದು ಇಷ್ಟು. ಮೂರು ಪ್ರಶ್ನೆ ಕೇಳುವಂತೆ ಒಂದು ಸುತ್ತೋಲೆ. ಎಎನ್‌ಎಂ (ಉಪಕೇಂದ್ರದ ದಾದಿ) ಮತ್ತು ಆಶಾ ಕಾರ್ಯಕರ್ತೆಯರ ಮಾಸಿಕ ಸಭೆಯಲ್ಲಿ ಕೇಳುವ ರೀತಿಯ ಬಗ್ಗೆ ಅರ್ಧ ಗಂಟೆ. ಪ್ರತಿ ತಾಲೂಕು ಆಸ್ಪತ್ರೆಯಲ್ಲಿ ನಿಕೋಟಿನ್ ಗಮ್ಮಿನ ದಾಸ್ತಾನು, ತಿನ್ನುವ ಕ್ರಮ ತೋರಿಸಿಕೊಡಲು ಒಬ್ಬರು. 'ಮ' ಮುಂದೆ 1 ಬಂದ ಮನೆಯ ಗಂಡಸಿಗೆ ಜಿಲ್ಲಾ ತಂಬಾಕು ನಿಯಂತ್ರಣ ಕೋಶದಿಂದ ಒಂದು ಕರೆ. 2025ರ ಮೇ ತಿಂಗಳಿಂದ ರಾಜ್ಯದಲ್ಲಿ ಸಾರ್ವಜನಿಕ ಸ್ಥಳದಲ್ಲಿ ಸೇದಿದರೆ 1,000 ರೂಪಾಯಿ ದಂಡ, 21 ತುಂಬದವರಿಗೆ ತಂಬಾಕು ಮಾರುವಂತಿಲ್ಲ. ಒಳ್ಳೆಯದೇ. ಆದರೆ ದಂಡದ ಪುಸ್ತಕ ಬಸ್ ನಿಲ್ದಾಣದ ತನಕ ಹೋದೀತು, ಜಗಲಿ ಹತ್ತುವುದಿಲ್ಲ. ಅಲ್ಲಿ ಕಾಲಿಡುವವರು ಆಶಾ ಮತ್ತು ದಾದಿ ಮಾತ್ರ. ಅಂಕೋಲೆಯ ಬಡಗೇರಿಯ ಸುಕ್ರಿ ಬೊಮ್ಮಗೌಡರು ಊರ ಹೆಂಗಸರನ್ನು ಕಟ್ಟಿಕೊಂಡು ಸಾರಾಯಿಯ ವಿರುದ್ಧ ನಿಂತ ಜಿಲ್ಲೆ ಇದು. ಮನೆಯೊಳಗಿನ ಸಂಗತಿಯನ್ನು ಊರ ಮಾತಾಗಿಸುವುದು ಇಲ್ಲಿಯ ಹೆಂಗಸರಿಗೆ ಹೊಸದಲ್ಲ.

ಪ್ರತಿ ತಿಂಗಳ 9ರಂದು ಗರ್ಭಿಣಿಯರ ವಿಶೇಷ ತಪಾಸಣೆ ಇದ್ದೇ ಇದೆ. ತಡವೆಂದರೂ ಮೇ 9ಕ್ಕೆ ಶುರು ಮಾಡಿ. ಅಂದು ಕಾರ್ಡಿನಲ್ಲಿ 'ಮ' ಮುಂದೆ 1 ಬಿದ್ದ ಮನೆಗಳಿಗೆ ಹೋಗಿ ಮಾತಾಡಲು ಮೂರು ವಾರ ಸಿಗುತ್ತದೆ. ಜೂನ್ 1ಕ್ಕೆ ಬೋಟುಗಳು ದಡ ಸೇರುತ್ತವೆ.

ಇಂತಿ,
ಕಾರವಾರ, ಅಂಕೋಲಾ, ಕುಮಟಾ, ಶಿರಸಿ ಸೀಮೆಯ ಕೆಲವು ದಾದಿಯರು ಮತ್ತು ಆರೋಗ್ಯ ಕಾರ್ಯಕರ್ತೆಯರು